ಕನ್ನಡಕ ತೆಗೆದು ನೋಡಿ

"ಫ್ಯಾನ್ ಆರಿಸಿದ್ದು ಯಾರು?" ಎನ್ನುತ್ತಾ ದೊಡ್ಡಪ್ಪ ಸ್ವಿಚ್ಚಿನತ್ತ ಕೈ ಚಾಚಿದಾಗ ಮಗಳು ಅವರಿಗಿಂತ ಮೊದಲೇ ಹೋಗಿ ಅದರ ಮೇಲೆ ಅಂಗೈ ಒತ್ತಿಕೊಂಡು ನಿಂತಳು.

"ಹಾಕ್ಬೇಡಿ ದೊಡ್ಡಪ್ಪ. ಗಾಳಿಗೆ ಕಣ್ಣು ಒಣಗುತ್ತೆ."

"ಯಾರ ಕಣ್ಣು?"

"ಅಪ್ಪಂದು."

ದೊಡ್ಡಪ್ಪ ಮಂಚದ ಕಡೆ ನೋಡಿದರು. ಅವರ ತಮ್ಮ ಎರಡು ದಿಂಬಿನ ಮೇಲೆ ತಲೆ ಎತ್ತರಿಸಿಕೊಂಡು, ಮುಚ್ಚಿದ ರೆಪ್ಪೆಗಳ ಮೇಲೆ ಒದ್ದೆ ಹತ್ತಿ ಇರಿಸಿಕೊಂಡು ಮಲಗಿದ್ದ. ಸತ್ತು ಎರಡು ಗಂಟೆಯಾಗಿದ್ದರೂ ಜ್ವರ ಬಂದು ಮಲಗಿದವನ ಹಾಗೆಯೇ ಕಾಣುತ್ತಿದ್ದ.

"ಅರವತ್ತೆರಡು ವರ್ಷ ಕೆಲಸಕ್ಕೆ ಬಾರದ ಕಣ್ಣು, ಈಗ ಒಣಗಿದ್ರೆ ಏನು ಗಂಟು ಹೋಗುತ್ತೆ? ಬಂದೋರು ಬೆವತು ಸಾಯ್ತಿದ್ದಾರೆ. ಒಂದೇ ದಿನಕ್ಕೆ ಎರಡೆರಡು ಹೆಣ ಬೇಕಾ ನಿಂಗೆ?"

ಬಾಗಿಲ ಬಳಿ ನಿಂತಿದ್ದ ಇಬ್ಬರು ನಗು ಬಂದು ಕೆಮ್ಮಿದರು. ಸಾವಿನ ಮನೆಯಲ್ಲಿ ಕೆಮ್ಮಿಗೆ ಯಾವಾಗಲೂ ಬರಗಾಲವಿಲ್ಲ.

ಅಪ್ಪ ತೀರಿಕೊಂಡದ್ದು ಬೆಳಗ್ಗೆ ಆರೂ ಕಾಲಿಗೆ. ಏಳು ಗಂಟೆಗೆಲ್ಲ ಮಗಳು ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ ಮುಗಿಸಿದ್ದಳು. ಸತ್ತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅಂದರೆ ಹನ್ನೆರಡೂ ಕಾಲು ಕೊನೆಯ ಗಡುವು. ಅಲ್ಲಿಯವರೆಗೆ ಫ್ಯಾನ್ ಹಾಕಬೇಡಿ, ಒದ್ದೆ ಹತ್ತಿ ಇಡಿ, ತಲೆ ಎತ್ತರದಲ್ಲಿರಲಿ. ಹತ್ತೂವರೆಯ ಹೊತ್ತಿಗೆ ನಮ್ಮವರು ಬರುತ್ತಾರೆ, ಹತ್ತಿರದವರೊಬ್ಬರು ಸಹಿ ಹಾಕಿದರೆ ಇಪ್ಪತ್ತು ನಿಮಿಷದ ಕೆಲಸ, ಮುಖ ಹೇಗಿತ್ತೋ ಹಾಗೇ ಇರುತ್ತದೆ. ಇಷ್ಟನ್ನೂ ಅವಳು ಅಮ್ಮನಿಗೆ ಎರಡು ಸಲ ಹೇಳಿದ್ದಳು. ಸಹಿ ಹಾಕಬೇಕಾದವಳು ಅಮ್ಮ.

"ಅಪ್ಪ ತಾನೇ ಬರೆದುಕೊಟ್ಟಿದ್ದು, ದೊಡ್ಡಪ್ಪ. ಅವರ ಪರ್ಸಲ್ಲಿ ನೇತ್ರದಾನದ ಕಾರ್ಡಿದೆ, ನೋಡಿ."

"ಹಲ್ಲಿನ ಆಸ್ಪತ್ರೇಲಿ ಫೋನ್ ಎತ್ತೋಳು ಕಣ್ಣಿನ ವಿಷಯ ಹೇಳೋಕೆ ಬಂದ್ಲು!" ದೊಡ್ಡಪ್ಪ ಕಾರ್ಡನ್ನು ಮುಟ್ಟಲೂ ಇಲ್ಲ. "ಅವನ ಅಂಗಡಿ ಯಜಮಾನ್ರು ಬರ್ತಾ ಇದ್ದಾರೆ. ಗಾಜು, ಕಣ್ಣು, ನಂಬರು ಅಂದ್ರೆ ಅವರಿಗಿಂತ ತಿಳಿದೋರು ಯಾರಿದ್ದಾರೆ? ಅವ್ರು ಹ್ಞೂ ಅಂದ್ರೆ ಹ್ಞೂ, ಬೇಡ ಅಂದ್ರೆ ಬೇಡ."

ಮಂಚದ ಕಾಲಿನ ಬಳಿ ಕೂತಿದ್ದ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಭಾವ ಹೇಳೋದೂ ಸರಿನೇ. ಅವರನ್ನೂ ಒಂದು ಮಾತು ಕೇಳೋಣ ಬಿಡೇ."

*

ಅಂಗಡಿಯ ಮುಂಭಾಗದಲ್ಲಿ ಕನ್ನಡಕ, ಹಿಂಭಾಗದಲ್ಲಿ ದುರ್ಬೀನು. ಯಜಮಾನರಿಗೆ ಗಿರಾಕಿಗಳ ಹೆಸರು ನೆನಪಿರುತ್ತಿರಲಿಲ್ಲ, ನಂಬರು ನೆನಪಿರುತ್ತಿತ್ತು. "ಆ ಮೈನಸ್ ಮೂರು ಬಂದಿದ್ನಾ?", "ಪ್ಲಸ್ ಎರಡೂವರೆ ಹೆಂಡತಿಗೆ ಹೊಸ ಫ್ರೇಮ್ ತೋರ್ಸು" ಎನ್ನುವುದೇ ಅವರ ಮಾತಿನ ರೀತಿ. ಅವರ ಲೆಕ್ಕದಲ್ಲಿ ಸೊನ್ನೆ ನಂಬರಿನವನು ಪೂರ್ತಿ ಮನುಷ್ಯ. ನಂಬರು ಏರಿದಷ್ಟೂ ಮನುಷ್ಯ ಇಳಿಯುತ್ತಿದ್ದ. ಹಿಂದಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷ ನಿಂತು, ಈಗ ಮಂಚದ ಮೇಲೆ ಮಲಗಿದ್ದವನಿಗೆ ಎರಡೂ ಕಣ್ಣು ಮೈನಸ್ ಹದಿನಾಲ್ಕು. ಅಂಗಡಿಯಲ್ಲೂ ಬೀದಿಯಲ್ಲೂ ಅವನ ಹೆಸರು ಸೋಡಾಬುಡ್ಡಿ. ಅವನಿಗೆ ಬಹುವಚನ ಹಚ್ಚಿದವರು ಹೆಂಡತಿ, ಮಗಳು ಇಬ್ಬರೇ.

"ಇವನು ದುರ್ಬೀನು ಮಾರೋದು, ಬೋಳುತಲೆಯವನು ಬಾಚಣಿಗೆ ಮಾರಿದ ಹಾಗೆ," ಎಂದು ಯಜಮಾನರು ಗಿರಾಕಿಗಳ ಮುಂದೆ ಹೇಳುವರು. ಗಿರಾಕಿಗಳು ನಗುವರು. ಸೋಡಾಬುಡ್ಡಿಯೂ ನಗುವನು. ನಗದೆ ಏನು ಮಾಡಿಯಾನು? ಮನೆಯಲ್ಲಿ ಒಲೆ ಹೊತ್ತಬೇಕಲ್ಲ.

ಕನ್ನಡಕ ಹಾಕಿದವರು ದುರ್ಬೀನಿಗೆ ಕಣ್ಣು ಹಚ್ಚಿದರೆ ಕನ್ನಡಕದ ಗಾಜು ಅಡ್ಡ ಬಂದು ಕಣ್ಣು ಒಂದು ಬೆರಳಗಲ ಹಿಂದೆಯೇ ಉಳಿಯುತ್ತದೆ. ಅಷ್ಟು ಹಿಂದಿನಿಂದಲೂ ಪೂರ್ತಿ ನೋಟ ಕೊಡುವ ದುರ್ಬೀನು ಬೇಕು. ಇಲ್ಲದಿದ್ದರೆ ಬೀಗದ ತೂತಿನಿಂದ ಇಣುಕಿದ ಹಾಗೆ, ನಡುವೆ ಇಷ್ಟೇ ಇಷ್ಟು ಬೆಳಕು, ಸುತ್ತ ಕಪ್ಪು. ಯಜಮಾನರ ಬಳಿ ಇದಕ್ಕೆ ಒಂದೇ ಮದ್ದಿತ್ತು. "ಕನ್ನಡಕ ತೆಗೆದು ನೋಡಿ. ಈ ತಿರುಪು ತಿರುಗಿಸಿ. ಎಲ್ಲ ಸರಿಹೋಗುತ್ತೆ." ಸಣ್ಣ ನಂಬರಿನವರಿಗೆ ಸರಿಹೋಗುತ್ತದೆ, ಸುಳ್ಳಲ್ಲ. ದೊಡ್ಡ ನಂಬರಿನವರು, ಕಣ್ಣಿನ ಉಬ್ಬು ಓರೆಯಾಗಿರುವ ಸಿಲಿಂಡರ್ ನಂಬರಿನವರು ತಿರುಪು ಕಿತ್ತು ಬರುವವರೆಗೆ ತಿರುಗಿಸಿದರೂ ಮಸುಕು ಮಸುಕೇ.

ಒಂದು ಸಲ ನಿವೃತ್ತರಾದ ಲೆಕ್ಕದ ಮೇಷ್ಟ್ರೊಬ್ಬರು ಬಂದರು. ಮೂಗಿನ ಮೇಲೆ ದಪ್ಪ ಗಾಜು. ಎಪ್ಪತ್ತು ವರ್ಷಕ್ಕೊಮ್ಮೆ ಬರುವ ಧೂಮಕೇತುವೊಂದು ಆ ವಾರ ಕಾಣುವುದಿತ್ತು, ಅದಕ್ಕೊಂದು ದುರ್ಬೀನು ಬೇಕು ಎಂದರು. ಸೋಡಾಬುಡ್ಡಿ ಏಳು ಪಟ್ಟು ಹಿಗ್ಗಿಸಿ ತೋರಿಸುವುದೊಂದನ್ನು ತೆಗೆದು, ಕಣ್ಣಿನ ಕಡೆಯ ರಬ್ಬರನ್ನು ಮಡಚಿ, ಕನ್ನಡಕದ ಮೇಲೇ ಹಿಡಿದು ನೋಡಿ ಎಂದು ಕೊಟ್ಟ. ಮೇಷ್ಟ್ರ ಮುಖ ಅರಳಿತು. ಅಷ್ಟರಲ್ಲಿ ಯಜಮಾನರು ಎದ್ದು ಬಂದರು. ಎರಡು ವರ್ಷದಿಂದ ದೂಳು ತಿನ್ನುತ್ತಾ ಕೂತಿದ್ದ ಇಪ್ಪತ್ತು ಪಟ್ಟಿನ ದೊಡ್ಡ ದುರ್ಬೀನು ಅವರ ಕೈಯಲ್ಲಿತ್ತು.

"ಆಕಾಶ ನೋಡೋಕೆ ಏಳು ಪಟ್ಟು ಏನು ಸಾಕಾಗುತ್ತೆ ಮೇಷ್ಟ್ರೇ? ಇದನ್ನ ತಗೊಳ್ಳಿ. ಕನ್ನಡಕ ತೆಗೆದು ನೋಡಿ."

ಮೇಷ್ಟ್ರು ನೋಡಿದರು. "ಯಾಕೋ ಮಂಜು ಮಂಜು."

"ಕೈ ನಡುಗ್ತಾ ಇದೆ, ಅಷ್ಟೇ. ಏಯ್, ನೀನು ಬಾ ಇಲ್ಲಿ. ನಿನಗಿಂತ ದೊಡ್ಡ ನಂಬರು ಈ ಊರಲ್ಲಿಲ್ಲ. ಕನ್ನಡಕ ತೆಗೆದು ನೋಡಯ್ಯ. ಆ ಗಡಿಯಾರದ ಕಂಬ ಕಾಣ್ತಿದೆ ತಾನೇ?"

ಸೋಡಾಬುಡ್ಡಿ ಕನ್ನಡಕ ತೆಗೆದ. ಬೀದಿ, ಕಂಬ, ಗಡಿಯಾರ ಎಲ್ಲ ಒದ್ದೆ ಕಾಗದದ ಮೇಲೆ ಹರಡಿದ ಶಾಯಿಯಾಗಿದ್ದವು.

"ಕಾಣ್ತಿದೆ."

"ಗಂಟೆ ಎಷ್ಟು, ಮೇಷ್ಟ್ರಿಗೆ ಹೇಳು."

ಒಂದು ನಿಮಿಷದ ಹಿಂದೆ ಅವನು ತನ್ನ ಕೈಗಡಿಯಾರ ನೋಡಿಕೊಂಡಿದ್ದ. "ಹನ್ನೊಂದೂ ಹತ್ತು," ಎಂದ.

ಮೇಷ್ಟ್ರು ಅದನ್ನೇ ಕೊಂಡುಹೋದರು. ಹತ್ತು ದಿನ ಬಿಟ್ಟು ಬಂದು ಡಬ್ಬಿಯನ್ನು ಸೋಡಾಬುಡ್ಡಿಯ ಮುಂದೆ ಮೆಲ್ಲಗೆ ಇಟ್ಟರು. ಯಜಮಾನರು ಊಟಕ್ಕೆ ಹೋಗಿದ್ದರು. "ವಾಪಸ್ ತಗೊಳ್ಳಿ ಅಂತ ಬಂದಿಲ್ಲಪ್ಪ. ನನಗಂತೂ ಏನೂ ಕಾಣ್ಲಿಲ್ಲ. ಮನೇಲಿ ಇದ್ರೆ ಹೊಟ್ಟೆ ಉರಿಯುತ್ತೆ, ನೀನೇ ಇಟ್ಕೋ. ಇನ್ನು ಎಪ್ಪತ್ತು ವರ್ಷಕ್ಕೆ ಬರುತ್ತಂತೆ, ಆಗ ನೋಡ್ಕೊಂಡ್ರಾಯ್ತು," ಎಂದು ನಕ್ಕು ಹೋದರು. ಬೈದಿದ್ದರೆ ಸೋಡಾಬುಡ್ಡಿಗೆ ಅವತ್ತು ಊಟವಾದರೂ ಸೇರುತ್ತಿತ್ತು.

ಮರುದಿನದಿಂದ ಅವನು ಅಳೆಯಲು ಶುರು ಮಾಡಿದ. ದುರ್ಬೀನನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿಡುವ ಕಡೆ ಒಂದು ಬಿಳಿ ಚೀಟಿ ಹಿಡಿಯುವನು. ಚೀಟಿಯನ್ನು ಹಿಂದೆ ಮುಂದೆ ಸರಿಸಿ, ಬೆಳಕಿನ ಬಿಲ್ಲೆ ಎಲ್ಲಿ ಚೊಕ್ಕವಾಗಿ ಮೂಡುತ್ತದೋ ಅಲ್ಲಿಗೆ ಅಂಚಿನಿಂದ ಅಡಿಪಟ್ಟಿ ಇಡುವನು. ಡಬ್ಬಿಯ ಮೇಲೆ ಹದಿನೆಂಟು ಮಿಲಿಮೀಟರ್ ಎಂದು ಅಚ್ಚಾಗಿದ್ದರೆ ಅಂಚು ನುಂಗಿ ಹನ್ನೆರಡು ಉಳಿದಿರುತ್ತಿತ್ತು. ಅದನ್ನು ಅವನು 'ಜಾಗ' ಎಂದು ಕರೆಯುತ್ತಿದ್ದ. ಹದಿನಾರಕ್ಕಿಂತ ಕಡಿಮೆ ಜಾಗದ್ದನ್ನು ಕನ್ನಡಕದವರು ಕೇಳಿದರೆ, "ಇದರಲ್ಲಿ ನಿಮಗೆ ಜಾಗ ಇಲ್ಲ. ದುಡ್ಡು ದಂಡ ಮಾಡ್ಬೇಡಿ" ಎಂದು ಎದುರಿಗೇ ಹೇಳಿಬಿಡುವನು. ಎದೆ ಮೇಲೆ ಮೆಣಸು ಅರೆದ ಹಾಗಾಗುತ್ತಿತ್ತು ಯಜಮಾನರಿಗೆ. ಆದರೆ ಊರಿನ ಕನ್ನಡಕದವರೆಲ್ಲ ಅವನನ್ನೇ ಕೇಳಿಕೊಂಡು ಬರತೊಡಗಿದ್ದರಿಂದ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು.

*

ಯಜಮಾನರು ಒಂಬತ್ತೂವರೆಗೆ ಬಂದರು. ದೊಡ್ಡ ಹೂಗುಚ್ಛವನ್ನು ಹೆಣದ ಕಾಲ ಬಳಿ ಇಟ್ಟು, ಕೈ ಮುಗಿದು, ಇದ್ದುದರಲ್ಲಿ ಗಟ್ಟಿ ಕುರ್ಚಿ ಆರಿಸಿ ಕೂತರು. ಕೂತವರೇ, "ಉಸ್ಸಪ್ಪಾ, ಏನು ಸೆಕೆ ಇದು," ಎಂದರು. ದೊಡ್ಡಪ್ಪ ಕೈ ಹೊಸೆಯುತ್ತಾ ವಿಷಯ ಹೇಳಿದರು.

ಯಜಮಾನರು ಮೇಜಿನ ಮೇಲಿದ್ದ ಸತ್ತವನ ಕನ್ನಡಕ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ಆಡಿಸಿದರು.

"ಮೈನಸ್ ಹದಿನಾಲ್ಕು. ನಮ್ಮಲ್ಲೇ ಮಾಡಿದ್ದು. ನೋಡಿ, ಈ ಕಣ್ಣು ಕಿತ್ತು ಒಬ್ಬ ಕುರುಡನಿಗೆ ಹಾಕಿದ್ರು ಅಂತಿಟ್ಕೊಳ್ಳಿ. ಅವನೇನಾಗ್ತಾನೆ? ಅವನೂ ಮೈನಸ್ ಹದಿನಾಲ್ಕು ಆಗ್ತಾನೆ. ಅಂಥ ಮಾಲು ನಾನು ಮಾರ್ತೀನಾ? ದಾನ ಕೊಡೋದಾದ್ರೂ ಒಳ್ಳೇದು ಕೊಡ್ಬೇಕಪ್ಪ."

"ಹಂಗೇಳಿ ಮತ್ತೆ!" ಎಂದರು ದೊಡ್ಡಪ್ಪ.

"ಹಾಗಲ್ಲ ಸರ್," ಎಂದಳು ಮಗಳು. "ಕಣ್ಣಿನ ಮುಂದಿನ ಗಾಜು, ಕಾರ್ನಿಯಾ ಮಾತ್ರ ತಗೋತಾರೆ. ಅಪ್ಪನ ಮುಂದಿನ ಗಾಜು ಚೆನ್ನಾಗಿದೆ ಅಂತ ಡಾಕ್ಟ್ರೇ ಹೇಳಿದ್ರು. ನಾನೇ ಜೊತೆಗಿದ್ದೆ."

"ಸಮಾಧಾನಕ್ಕೆ ಹೇಳಿರ್ತಾರೆ ಮಗು. ನಾನೂ ಹೇಳ್ತೀನಲ್ಲ ಗಿರಾಕಿಗಳಿಗೆ, ಈ ಫ್ರೇಮ್ ನಿಮ್ಮ ಮುಖಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಂತ."

ಕೋಣೆಯಲ್ಲಿ ಮತ್ತೆ ಕೆಮ್ಮು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ತೋರಿಸುವುದು ಹೇಗೆ? ಮಗಳು ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಮ್ಮಾ, ನೀನು ಸಹಿ ಹಾಕ್ತೀಯಾ ಇಲ್ವಾ?"

"ಮೂವತ್ತು ವರ್ಷ ಅವರ ಅನ್ನ ತಿಂದಿದೀವಿ ಕಣೇ."

"ಕೇಳಿದ್ದು ಅದಲ್ಲ."

"ಬರ್ಲಿ ಆಸ್ಪತ್ರೆಯವ್ರು. ಬಂದ್ಮೇಲೆ ನೋಡೋಣ. ಈಗ ಹೋಗಿ ಪಕ್ಕದ ಮನೆಯಿಂದ ಕುರ್ಚಿ ತಗೊಂಡ್ಬಾ, ದೊಡ್ಡೋರು ನಿಂತಿದ್ದಾರೆ."

ಅವಳು ಅತ್ತ ಹೋದದ್ದೇ ತಡ, ದೊಡ್ಡಪ್ಪ ಫ್ಯಾನ್ ಹಾಕಿದರು. ಹತ್ತಿಯ ಒಂದು ಉಂಡೆ ಉರುಳಿ ದಿಂಬಿನ ಸಂದಿಗೆ ಬಿತ್ತು. ಯಾರೂ ಎತ್ತಿಡಲಿಲ್ಲ. ಗೂಡಿನಲ್ಲಿ ಚಾರ್ಜಿಗೆ ಹಾಕಿದ್ದ ಅವಳ ಫೋನು ಹೊಡೆದುಕೊಂಡಿತು. ದೊಡ್ಡಪ್ಪ ಎತ್ತಿದರು.

"ಹ್ಞಾ, ಅದೇ ಮನೆ... ಇಲ್ಲ, ಬರ್ಬೇಡಿ. ಅವನ ಕಣ್ಣು ಸರಿಯಿಲ್ಲ... ಹ್ಞೂ, ಮನೆಯವ್ರೆಲ್ಲ ಕೂತು ತೀರ್ಮಾನ ಮಾಡಿದೀವಿ. ಇಡ್ತೀನಿ."

ಅಮ್ಮ ನೆಲ ನೋಡುತ್ತಾ ಕೂತಿದ್ದಳು. ಯಜಮಾನರು ಕಾಲು ಚಾಚಿ ಗಾಳಿ ತೆಗೆದುಕೊಂಡರು. ಮಗಳು ನಾಲ್ಕು ನಾಲ್ಕರಂತೆ ಮೂರು ಸಲ ಕುರ್ಚಿ ಹೊತ್ತಳು. ಆಮೇಲೆ ಫ್ಯಾನ್ ಆರಿಸಿ, ಹತ್ತಿಯನ್ನು ಹುಡುಕಿ, ನೀರಲ್ಲಿ ಅದ್ದಿ ಅಪ್ಪನ ರೆಪ್ಪೆಯ ಮೇಲಿಟ್ಟು ಬಾಗಿಲಿಗೆ ಹೋಗಿ ನಿಂತಳು. ಫೋನಿನ ವಿಷಯ ಅವಳಿಗೆ ಯಾರೂ ಹೇಳಲಿಲ್ಲ.

*

ನಾಲ್ಕು ವರ್ಷದ ಹಿಂದೆ ಕಣ್ಣಿನ ತಪಾಸಣೆಗೆ ಅಪ್ಪ ಮಗಳು ಒಟ್ಟಿಗೆ ಹೋಗಿದ್ದರು. ಡಾಕ್ಟರಮ್ಮ ಯಂತ್ರದ ಆಚೆಯಿಂದ ಬಹಳ ಹೊತ್ತು ನೋಡಿ, "ನಿಮ್ಮ ಕಣ್ಣಿನ ಮುಂದಿನ ಗಾಜು ತುಂಬಾ ಚೆನ್ನಾಗಿದೆ. ಚಿಕ್ಕ ವಯಸ್ಸಿನವರದ್ದಿದ್ದ ಹಾಗಿದೆ. ತೊಂದರೆ ಇರೋದು ಹಿಂದೆ, ಕಣ್ಣು ಉದ್ದ ಆಗಿದೆ ಅಷ್ಟೇ," ಎಂದರು.

ಅವನಿಗೆ ತಟ್ಟನೆ ತಿಳಿಯಿತು. "ಅಂದ್ರೆ ಗಾಜು ಒಳ್ಳೇದು, ಕೊಳವೆ ಉದ್ದ."

"ಅದೇ, ಅದೇ," ಎಂದು ಡಾಕ್ಟರಮ್ಮ ನಕ್ಕರು.

ಹೊರಗಿನ ಮೇಜಿನಲ್ಲಿ ನೇತ್ರದಾನದ ಫಾರಂ ಇತ್ತು. ಅವನು ನಿಂತಲ್ಲೇ ತುಂಬಿಕೊಟ್ಟ. ಬಸ್ಸಿನಲ್ಲಿ ಕಿಟಕಿಯ ಗಾಜಿನಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತಾ ಕೂತಿದ್ದವನು, "ಹುಟ್ಟಿದಾಗಿನಿಂದ ನನ್ನ ಕಣ್ಣಿನ ಬಗ್ಗೆ ಒಂದು ಒಳ್ಳೆ ಮಾತು ಕೇಳಿರ್ಲಿಲ್ಲ ಕಣೇ," ಎಂದ.

"ಸರಿ ಬಿಡಪ್ಪ, ಇನ್ನು ನಿಮ್ಮನ್ನ ಹಿಡಿಯೋರಿಲ್ಲ."

"ತಮಾಷೆ ಅಲ್ಲ. ನಾನು ಹೋದ ದಿನ ಅಳ್ತಾ ಕೂತ್ಕೋಬೇಡ. ಮೊದಲು ಫೋನ್ ಮಾಡು. ನಿಮ್ಮಮ್ಮನ ಕೈಲಾಗಲ್ಲ, ನಮ್ಮಣ್ಣನ್ನ ನಂಬೋಕಾಗಲ್ಲ. ನೀನೇ ಮಾಡಿಸ್ಬೇಕು."

"ಅದೇನಪ್ಪ ಅಷ್ಟೊಂದು ಹಟ?"

ಆಗ ಮೇಷ್ಟ್ರ ಕತೆ ಹೇಳಿದ. ಅದುವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ. "ಕಾಣದೇ ಇದ್ದದ್ದನ್ನ ಕಾಣ್ತಿದೆ ಅಂದೆ ಕಣೇ. ಹೊಟ್ಟೆಪಾಡು ಅಂತ ಅಂದೆ. ಅವ್ರು ನನ್ನ ಮಾತು ನಂಬಿ ತಗೊಂಡ್ರು. ಅವರಿಗಂತೂ ತೋರ್ಸೋಕಾಗಲ್ಲ, ಹೋಗ್ಬಿಟ್ರು. ಬೇರೆ ಯಾರಿಗಾದ್ರೂ ಕಾಣ್ಲಿ."

ಬಸ್ಸಿನ ತುಂಬ ಜನ ಇದ್ದರು. ಅವನು ಕನ್ನಡಕ ತೆಗೆದು ಒರೆಸಿಕೊಳ್ಳುವ ನೆವ ಮಾಡಿದ. ಮಗಳು ಅವನ ಮೊಣಕೈ ಹಿಡಿದುಕೊಂಡು, "ಮಾಡಿಸ್ತೀನಪ್ಪ," ಎಂದಳು.

*

ಹನ್ನೊಂದೂವರೆಯಾದರೂ ಯಾರೂ ಬರಲಿಲ್ಲ. ಮಗಳು ಫೋನ್ ಮಾಡಿದಳು. ಆ ಕಡೆಯವರು, "ನಿಮ್ಮ ಮನೆಯಿಂದಲೇ ಬೇಡ ಅಂದ್ರಲ್ಲಮ್ಮ, ಹತ್ತು ಗಂಟೆಗೆ?" ಎಂದರು.

ಅವಳು ಕೋಣೆಗೆ ಬಂದು ಒಬ್ಬೊಬ್ಬರ ಮುಖ ನೋಡಿದಳು. "ಯಾರು ಬೇಡ ಅಂದಿದ್ದು?"

"ನಾನೇ. ಏನೀಗ?" ಎಂದರು ದೊಡ್ಡಪ್ಪ. "ಮನೆಗೆ ಹಿರಿಯ ಅಂತ ನಾನಿರೋದು ಯಾಕೆ, ಕುರ್ಚಿ ಎಣಿಸೋಕಾ?"

"ಅಮ್ಮಾ, ನಿಂಗೂ ಗೊತ್ತಿತ್ತಾ?"

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗಳಿಗೆ ಇಷ್ಟೂ ಮಂದಿಯನ್ನು ಕತ್ತು ಹಿಡಿದು ಆಚೆ ದಬ್ಬಬೇಕು ಅನ್ನಿಸಿತು. ಆದರೆ ದಬ್ಬುವುದಕ್ಕೂ ಹೊತ್ತಿರಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮತ್ತೆ ಫೋನ್ ಮಾಡಿದಳು. ಅಂಗಲಾಚಿದಳು. ತಂಡ ಊರಿನ ಇನ್ನೊಂದು ತುದಿಗೆ ಹೋಗಿದೆ, ಒಬ್ಬರನ್ನಾದರೂ ಕಳಿಸುತ್ತೇವೆ, ಅಮ್ಮನಿಂದ ಸಹಿ ಹಾಕಿಸಿ ಇಟ್ಟಿರಿ ಎಂದರು.

ಅಮ್ಮ ಈಗ ಹಾಕಿದಳು. ಬಿಳಿ ಹಾಳೆಯ ಮೇಲೆ, ಮಗಳು ಹೇಳಿದ ಹಾಗೆ ಬರೆದು, ಮರುಮಾತಿಲ್ಲದೆ. ಯಜಮಾನರು, "ಹಾಕ್ಲಿ ಬಿಡಿ, ಬಂದೋರೇ ನೋಡಿ ವಾಪಸ್ ಹೋಗ್ತಾರೆ," ಎಂದರು.

ಕಣ್ಣಿನ ಆಸ್ಪತ್ರೆಯ ಹೆಂಗಸು ಬಂದಾಗ ಒಂದು ಗಂಟೆಗೆ ಹತ್ತು ನಿಮಿಷವಿತ್ತು. ಕೈಯಲ್ಲಿ ನೀಲಿ ಪೆಟ್ಟಿಗೆ, ಮೂಗಿನ ಮೇಲೆ ಕನ್ನಡಕ, ಓಡಿ ಬಂದಿದ್ದರಿಂದ ಏದುಸಿರು. ಯಜಮಾನರು ಅವಳ ಮುಖ ನೋಡಿ, "ಮೈನಸ್ ಆರು," ಎಂದು ದೊಡ್ಡಪ್ಪನ ಕಿವಿಯಲ್ಲಿ ಪಿಸುಗುಟ್ಟಿದರು. ಅವಳು ಹತ್ತಿ ತೆಗೆದು, ರೆಪ್ಪೆ ಬಿಡಿಸಿ, ಸಣ್ಣ ಟಾರ್ಚು ಹಿಡಿದು ಒಂದು ಕಣ್ಣು ನೋಡಿದಳು, ಇನ್ನೊಂದು ನೋಡಿದಳು.

"ಫ್ಯಾನ್ ಹಾಕಿದ್ರಾ?"

ದೊಡ್ಡಪ್ಪ ಸ್ವಿಚ್ಚಿನ ಕಡೆಗೆ ಬೆನ್ನು ತಿರುಗಿಸಿ ನಿಂತರು.

"ಆಗಲ್ಲಮ್ಮ," ಎಂದು ಅವಳು ಮಗಳಿಗೆ ಹೇಳಿದಳು. "ಹೊತ್ತೂ ಮೀರಿದೆ, ಒಣಗಿಯೂ ಹೋಗಿದೆ. ಹೇಳಿದ ಹೊತ್ತಿಗೆ ಬರೋಕೆ ಬಿಟ್ಟಿದ್ರೆ ಇಬ್ಬರಿಗೆ ಆಗ್ತಿತ್ತು. ಇಷ್ಟು ಒಳ್ಳೆ ಗಾಜು ಈ ವಯಸ್ಸಲ್ಲಿ ಸಿಗೋದೇ ಇಲ್ಲ."

"ಅಲ್ಲ, ನಂಬರ್ ಜಾಸ್ತಿ ಅಲ್ವಾ ಅವನದ್ದು?" ಎಂದರು ಯಜಮಾನರು.

"ನಂಬರಿಗೂ ಇದಕ್ಕೂ ಸಂಬಂಧವೇ ಇಲ್ಲ ಸರ್. ಕನ್ನಡಕ ಹಾಕೋರೂ ಕೊಡಬಹುದು. ಇದು ಆಸ್ಪತ್ರೆ ಗೋಡೆ ಮೇಲೇ ಬರ್ದಿದೆ. ನಿಮಗೆ ಆಗಲ್ಲ ಅಂತ ಹೇಳಿದ್ದು ಯಾರು?"

ಎಲ್ಲರೂ ಯಜಮಾನರನ್ನು ನೋಡಿದರು. ಯಜಮಾನರು ಮಗಳನ್ನು ನೋಡಿದರು.

"ನೋಡಮ್ಮ, ಇಷ್ಟೆಲ್ಲ ಗೊತ್ತಿದ್ದೋಳು ನೀನು ಸ್ವಲ್ಪ ಗಟ್ಟಿಯಾಗಿ ಹೇಳ್ಬೇಕಿತ್ತು."

"ಮತ್ತೆ!" ಎಂದರು ದೊಡ್ಡಪ್ಪ. "ಬಾಯೊಳಗೇ ಗೊಣಗಿದ್ರೆ ಯಾರಿಗೆ ಕೇಳುತ್ತೆ? ನಮಗೇನು ಕನಸು ಬೀಳುತ್ತಾ?"

ಅಮ್ಮ ಅವತ್ತು ಮೊದಲ ಸಲ ಗಟ್ಟಿಯಾಗಿ ಅತ್ತಳು. "ನಾನಂತೂ ತಿಳೀದೋಳು. ನೀನಾದ್ರೂ ಹಟ ಹಿಡೀಬಾರ್ದಿತ್ತೇನೇ? ಅವರ ಕೊನೇ ಆಸೆ ಕಣೇ!"

ಬಂದಿದ್ದವರೆಲ್ಲ ತಲೆದೂಗಿದರು. ಹನ್ನೆರಡು ಕುರ್ಚಿಗಳ ಮೇಲೆ ಹನ್ನೆರಡು ತಲೆ. ಮಗಳು ಹಿಂದೆ ಸರಿದು ಗೋಡೆಗೆ ಒರಗಿದಳು. ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು, ಗಂಡಸರು ಎದ್ದರು.

ಹೆಂಗಸು ಪೆಟ್ಟಿಗೆ ಹಿಡಿದುಕೊಂಡು ಅಡಿಗೆಮನೆಗೆ ಬಂದಳು. ಅಲ್ಲಿ ದೊಡ್ಡಮ್ಮ ಲೋಟಗಳನ್ನು ತೊಳೆದು ತಟ್ಟೆಯಲ್ಲಿ ಜೋಡಿಸುತ್ತಿದ್ದಳು.

"ಇದನ್ನ ಇಲ್ಲಿ ಸುರಿಯಬಹುದಾ? ಭಾರ, ಬಸ್ಸಲ್ಲಿ ಹೋಗ್ಬೇಕು."

ಪೆಟ್ಟಿಗೆಯ ತುಂಬ ಐಸ್ ಇತ್ತು.

"ಅಯ್ಯೋ, ಚರಂಡಿಗ್ಯಾಕೆ ಸುರೀತೀಯಾ? ಇದರಲ್ಲಿ ಏನಾದ್ರೂ ಇಟ್ಟಿದ್ರಾ?"

"ಇಲ್ಲ, ಏನೂ ಇಟ್ಟಿಲ್ಲ. ಕುಡಿಯೋ ನೀರಿಂದೇ ಮಾಡಿದ್ದು."

"ಹಾಗಾದ್ರೆ ಈ ಜಗ್ಗಿಗೆ ಹಾಕಮ್ಮ. ಪುಣ್ಯ ಬರುತ್ತೆ. ಪಾಪ, ಬಿಸಿಲಲ್ಲಿ ಹೊತ್ಕೊಂಡು ಹೋಗೋರಿದ್ದಾರೆ." ದೊಡ್ಡಮ್ಮ ಮಗಳನ್ನು ಕೂಗಿದಳು. "ಬಾರೇ, ಹೊರಡೋಕೆ ಮುಂಚೆ ಎಲ್ಲರಿಗೂ ನೀರು ಕೊಡು. ಸುಮ್ನೆ ಗೋಡೆಗೆ ಒರಗಿ ನಿಂತ್ರೆ ಆಗುತ್ತಾ?"

ಮಗಳು ಲೋಟ, ಜಗ್ಗು ಇದ್ದ ತಟ್ಟೆ ಹಿಡಿದು ಹೊರಗೆ ಬಂದಳು. ಯಜಮಾನರು ಮೊದಲ ಲೋಟ ತೆಗೆದುಕೊಂಡು ಗಟಗಟನೆ ಮುಕ್ಕಾಲು ಕುಡಿದರು.

"ಆಹಾ, ಈಗ ಜೀವ ಬಂತು ನೋಡು. ಇನ್ನೆರಡು ತುಂಡು ಹಾಕಮ್ಮ."

ಅವಳು ಜಗ್ಗಿಗೆ ಚಮಚ ಹಾಕಿ ಒಂದು ತುಂಡು ತೆಗೆದು ಅವರ ಲೋಟಕ್ಕೆ ಹಾಕಿದಳು. ಇನ್ನೊಂದು ತೆಗೆದು ಹಾಕಿದಳು.

"ಸಾಕಾ?"

"ಸಾಕು, ಸಾಕು," ಎಂದು ಯಜಮಾನರು ಲೋಟ ಎತ್ತಿ ಎರಡನ್ನೂ ಬಾಯಿಗೆ ಹಾಕಿಕೊಂಡು, ಕಟಕಟನೆ ಕಡಿಯುತ್ತಾ ಹೆಣಕ್ಕೆ ಹೆಗಲು ಕೊಡಲು ಮುಂದೆ ಹೋದರು.